ಗಾಳಿಗೆ ಬೇರು ಬಿಟ್ಟ ಗಿಡ

“ಈ ಗಿಡಕ್ಕೆ ಮಣ್ಣೇ ಹಾಕಿರ್ಲಿಲ್ಲ ಕಣಮ್ಮ. ಬರೀ ಮರದ ಚಕ್ಕೆ, ಇದ್ದಿಲು. ನಿಮ್ಮ ಮಿಸ್ಸಿಗೆ ಯಾರೋ ಚೆನ್ನಾಗಿ ಟೋಪಿ ಹಾಕವ್ರೆ,” ಎಂದ ತಾತ, ಕೈಗೆ ಮೆತ್ತಿದ್ದ ಕೆಮ್ಮಣ್ಣನ್ನು ಪಂಚೆಗೆ ಒರೆಸಿಕೊಳ್ಳುತ್ತ.

ಗಂಗಾ ಸ್ಕೂಲ್ ಬ್ಯಾಗು ಇಳಿಸುವುದನ್ನೂ ಮರೆತು ನಿಂತುಬಿಟ್ಟಳು. ಬೆಳಿಗ್ಗೆ ಅವಳು ಹೊರಡುವಾಗ ನಡುಮನೆಯ ಕಿಟಕಿ ಹತ್ತಿರ ಪ್ಲಾಸ್ಟಿಕ್ ಕುಂಡದಲ್ಲಿದ್ದ ಆರ್ಕಿಡ್ ಈಗ ದೊಡ್ಡ ಮಣ್ಣಿನ ಕುಂಡದಲ್ಲಿತ್ತು. ಕುಂಡದ ತುಂಬ ಕೆಮ್ಮಣ್ಣು, ಕುರಿಗೊಬ್ಬರ. ಹೊರಗೆ ಚಾಚಿಕೊಂಡಿದ್ದ ದಪ್ಪ ದಪ್ಪ ಬೇರುಗಳನ್ನೂ ಬಿಡದೆ ತಾತ ಮಣ್ಣೊಳಗೆ ಹೂತು, ಮೇಲೆ ಎರಡು ಚೆಂಬು ನೀರು ಹೊಯ್ದಿದ್ದ.

“ಬೇರೆಲ್ಲ ಆಚೆ ಬಂದ್ಬಿಟ್ಟಿತ್ತು, ಪಾಪ. ಅನ್ನಕ್ಕೆ ಕೈ ಚಾಚ್ದಂಗೆ. ಇನ್ನು ನೋಡ್ತಿರು, ಹೆಂಗೆ ಬರ್ತದೆ ಅಂತ.”

ತಾತನ ಹೆಸರು ಅಶ್ವತ್ಥಪ್ಪ. ಅವನು ನೆಟ್ಟ ಹಿಪ್ಪುನೇರಳೆ ಕಡ್ಡಿ ಒಂದೂ ಒಣಗಿದ್ದಿಲ್ಲ ಎಂದು ಹುತ್ತೂರಿನ ಸುತ್ತಮುತ್ತ ಎಲ್ಲರೂ ಹೇಳುತ್ತಾರೆ. ಅಂಥವನ ಮುಂದೆ ಗಿಡದ ವಿಷಯ ಹೇಗೆ ಬಾಯಿ ತೆಗೆಯುವುದು?

ಆರ್ಕಿಡ್ ಗಂಗಾಳದ್ದಲ್ಲ, ಅವಳ ಐದನೇ ಕ್ಲಾಸಿನ ಶೋಭಾರಾಣಿ ಮಿಸ್ಸಿನದು. ಕೋಲಾರದಲ್ಲಿರುವ ಅವರ ಮನೆಗೆ ಪೇಂಟ್ ಹೊಡೆಸುತ್ತಿದ್ದರು. ಪೇಂಟ್ ವಾಸನೆಗೆ ಮೊಗ್ಗು ಉದುರಿಹೋಗುತ್ತವೆ ಎಂಬ ಹೆದರಿಕೆಗೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಗಂಗಾಳ ಕೈಗೆ ಕೊಟ್ಟಿದ್ದರು. ಸ್ಕೂಲಿನ ಗಿಡಗಳಿಗೆ ದಿನವೂ ತಪ್ಪದೆ ನೀರು ಹಾಕುವವಳು ಅವಳೇ ತಾನೆ.

“ಎರಡು ವರ್ಷದಿಂದ ಕಾಯ್ತಿದೀನಿ ಕಣೇ, ಈಗ ಮೊದಲನೇ ಸಲ ಮೊಗ್ಗು ಬಂದಿದೆ,” ಎಂದಿದ್ದರು ಮಿಸ್. “ಬಿಸಿಲಿಗಿಡ್ಬೇಡ. ಮಣ್ಣು ಹಾಕ್ಬೇಡ. ಹದಿನೈದು ದಿನ ನೋಡ್ಕೊ, ಸಾಕು.”

ಈ ಮಾತನ್ನು ಗಂಗಾ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಡೀ ಕ್ಲಾಸಿನಲ್ಲಿ ತನ್ನೊಬ್ಬಳನ್ನೇ ನಂಬಿ ಕೊಟ್ಟಿದ್ದಾರೆ ಎಂಬ ಜಂಬ ಅವಳಿಗೆ. ಈಗ ಹೇಳೋಣವೆಂದರೆ ತಾತನ ಮುಖದಲ್ಲಿ ಅಷ್ಟು ಖುಷಿ. ಮಿಸ್ ಹೇಳಿದ್ದೇ ತಪ್ಪಿರಬಹುದೇನೋ, ತಾತನಿಗಿಂತ ಅವರಿಗೆ ಹೆಚ್ಚು ಗೊತ್ತೆ, ಎಂದುಕೊಂಡು ಸುಮ್ಮನಾದಳು.

ನಾಲ್ಕನೇ ದಿನ ಎಲೆಗಳು ಜೋತುಬಿದ್ದವು. ಕಡ್ಡಿಯ ತುದಿಯಲ್ಲಿದ್ದ ಐದು ಮೊಗ್ಗುಗಳಲ್ಲಿ ಎರಡು ಹಳದಿಯಾಗಿ ನೆಲಕ್ಕೆ ಬಿದ್ದಿದ್ದವು. ಸಂಜೆ ಗಂಗಾ ಮುಟ್ಟಿದ್ದೇ ತಡ, ಇನ್ನೊಂದೂ ಅಂಗೈಗೆ ಬಂತು.

“ಸೆಕೆಗೆ ಇರ್ಬೇಕು. ಇನ್ನೊಂದು ಚೆಂಬು ನೀರು ಹಾಕ್ತೀನಿ ತಾಳು,” ಎಂದು ತಾತ ಚೆಂಬು ತಂದ.

“ಹಾಕ್ಬೇಡ,” ಎಂದು ಗಂಗಾ ಕಿರುಚಿದಳು. “ನಿನ್ನಿಂದ್ಲೇ ಹಾಳಾಗಿದ್ದು. ಮಣ್ಣು ಹಾಕು ಅಂತ ನಿನ್ನ ಕೇಳಿದ್ಯಾರು?”

ತಾತ ಚೆಂಬನ್ನು ಕೆಳಗಿಟ್ಟು ಕಂಬಕ್ಕೆ ಒರಗಿ ಕುಳಿತ.

ಗಲಾಟೆ ಕೇಳಿ ಹಿತ್ತಲಿನ ಹುಳುಮನೆಯಿಂದ ಅಜ್ಜಿ ಶಾಮಲಮ್ಮ ಬಂದಳು. ಹುಳುಮನೆಯೆಂದರೆ ರೇಷ್ಮೆಹುಳು ಸಾಕುವ ಕೋಣೆ. ಅಲ್ಲಿ ಅಜ್ಜಿ ಹೇಳಿದ್ದೇ ಕಾನೂನು. ಅವಳು ಕುಂಡದ ಮಣ್ಣು ಒಂದು ಚಿಟಿಕೆ ತೆಗೆದು ಮೂಸಿದಳು.

“ಚಾಲು ಚಾಲು, ಸಾಕು, ಇನ್ನು ನೀರು ಹಾಕಿದ್ರೆ ಮೀನೇ ಸಾಕ್ಬೋದು,” ಎಂದಳು ತಾತನ ಕಡೆ ತಿರುಗಿ. ಸಿಟ್ಟು ಬಂದರೆ ಅಜ್ಜಿಯ ಬಾಯಿಗೆ ತೆಲುಗು ಬರುತ್ತದೆ. “ಬೇರು ಕೊಳೀತಾ ಇದೆ. ಗಂಗಾ, ನಿಮ್ಮ ಮಿಸ್ ಏನಂದಿದ್ರು? ಸರಿಯಾಗಿ ಹೇಳು.”

ಗಂಗಾ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದಳು. ಇದು ಕಾಡಿನಲ್ಲಿ ಮರದ ಕೊಂಬೆ ಹಿಡಿದುಕೊಂಡು ಬೆಳೆಯುವ ಗಿಡವಂತೆ, ಬೇರಿಗೆ ಗಾಳಿ ಬೇಕಂತೆ ಎಂಬುದನ್ನೂ ಹೇಳಿದಳು.

“ಅಂಗಾದ್ರೆ ಇದೂ ನಮ್ಮ ಹುಳದ ಜಾತೀನೇ,” ಎಂದಳು ಅಜ್ಜಿ. “ಹುಳಕ್ಕೆ ಒದ್ದೆ ಸೊಪ್ಪು ಹಾಕಿದ್ರೆ ರೋಗ. ಅಂಗಂತ ಗಾಳಿ ಒಣಗಿದ್ರೂ ಆಗಲ್ಲ, ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ತೀವಿ. ಇದಕ್ಕೂ ಕಾಲಡಿ ಒಣಗಿರ್ಬೇಕು, ಸುತ್ತ ತಂಪಿರ್ಬೇಕು.”

“ಮತ್ತೆ ಹುಳುಮನೇಲೇ ಇಡೋಣ್ವಾ ಅಜ್ಜಿ?”

“ಹೊರಗಿನ ಗಿಡ ನನ್ನ ಹುಳದ ಹತ್ರಕ್ಕಾ? ಕಾಲು ಮುರೀತೀನಿ.”

ಮಣ್ಣು ಬಿಡಿಸಿ, ಬೇರು ತೊಳೆದರು. ಅರ್ಧದಷ್ಟು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ಅವನ್ನು ಅಜ್ಜಿ ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಕತ್ತರಿಸಿದಳು. ಹಳೆಯ ಮರದ ಚಕ್ಕೆಗಾಗಿ ಹುಡುಕಿದರೆ, ತಾತ ಅದನ್ನು ಅವತ್ತೇ ಬಚ್ಚಲೊಲೆಗೆ ಹಾಕಿ ಸ್ನಾನ ಮಾಡಿದ್ದ. ಹಾಗೆಂದು ಹೇಳುವಾಗ ಅವನ ದನಿ ಎಷ್ಟು ಸಣ್ಣಗಿತ್ತೆಂದರೆ, ಗಂಗಾಳಿಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ಅವನೇ ತೆಂಗಿನ ಮಟ್ಟೆಯನ್ನು ಚೂರು ಚೂರು ಮಾಡಿ, ಒಲೆಯ ಇದ್ದಿಲು ಬೆರೆಸಿ, ಪ್ಲಾಸ್ಟಿಕ್ ಕುಂಡಕ್ಕೆ ತುಂಬಿಕೊಟ್ಟ. ಗಿಡವನ್ನು ಮಾತ್ರ ಮುಟ್ಟಲಿಲ್ಲ. “ನೀನೇ ಕೂರಿಸಮ್ಮ,” ಎಂದ.

ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿದ್ದಿತು. ತಟ್ಟೆಯಲ್ಲಿ ಕಲ್ಲು ಹರಡಿ, ನೀರು ಹಾಕಿ, ಕಲ್ಲಿನ ಮೇಲೆ ಕುಂಡ ಇಟ್ಟರು. ಹೊರಗೆ ಏಪ್ರಿಲ್ ಬಿಸಿಲಿಗೆ ಅಂಗಳ ಕಾದ ಹೆಂಚಿನಂತಿದ್ದರೂ ಆ ಮೂಲೆಯಲ್ಲಿ ಮಾತ್ರ ತಂಪು.

ಮೂರು ದಿನ ನೀರಿಲ್ಲ ಎಂದು ಅಜ್ಜಿಯ ಅಪ್ಪಣೆಯಾಯಿತು. ನಾಲ್ಕನೇ ಬೆಳಿಗ್ಗೆ ಉಳಿದ ಬೇರುಗಳು ಒಣಗಿ, ಬೆಳ್ಳಿ ಕಡ್ಡಿಗಳ ಹಾಗೆ ಬೆಳ್ಳಗಾಗಿದ್ದವು. ಸತ್ತೇಹೋದವೇನೋ ಎಂದು ಗಂಗಾ ಹೆದರಿದಳು. ಚೆಂಬಿಗೆ ಬೆರಳದ್ದಿ ಒಂದು ಬೇರಿನ ಮೇಲೆ ನೀರು ಚಿಮುಕಿಸಿದಳು.

ಹನಿ ಬಿದ್ದ ಕಡೆ ಬೆಳ್ಳಿ ಮಾಯವಾಗಿ ಹಸಿರು ಮೂಡಿತು. ಹಸಿರು ಹಾಗೇ ಮೆಲ್ಲಗೆ ಹರಡಿಕೊಳ್ಳುತ್ತ ಹೋಯಿತು. ಅವಳು ಉಸಿರು ಬಿಗಿಹಿಡಿದು ಇನ್ನೊಂದು ಬೇರಿಗೆ ಚಿಮುಕಿಸಿದಳು. ಅದೂ ಹಸಿರಾಯಿತು.

“ತಾತ, ಬಾ ಇಲ್ಲಿ. ಬೇಗ.”

ಗಂಗಾ ಕಿರುಚಿದ ದಿನದಿಂದ ಕಿಟಕಿಯ ಹತ್ತಿರ ಸುಳಿಯದಿದ್ದ ತಾತ ಬಂದು, ಮಂಡಿಯೂರಿ ನೋಡಿದ. ಗಂಗಾ ಮೂರನೆಯ ಬೇರಿಗೆ ನೀರು ಚಿಮುಕಿಸಿದಳು. ಅದು ಹಸಿರಾಗಿ ಮುಗಿಯುವವರೆಗೂ ತಾತನ ರೆಪ್ಪೆ ಅಲುಗಲಿಲ್ಲ.

“ಕುಡೀತಾ ಇದೆ ಕಣಮ್ಮ,” ಎಂದ ಪಿಸುದನಿಯಲ್ಲಿ. “ಐವತ್ತು ವರ್ಷದಿಂದ ಬೇಸಾಯ ಮಾಡ್ತಿದೀನಿ. ಬೇರಿಗೆ ಎಷ್ಟು ನೀರು ಹಾಯಿಸಿದೀನೋ ಲೆಕ್ಕ ಇಲ್ಲ. ಅದು ಕುಡಿಯೋದನ್ನ ಇವತ್ತೇ ನೋಡಿದ್ದು.”

ಗಂಗಾ ತಾತನ ಕೈಗಳನ್ನು ನೋಡಿದಳು. ಮಣ್ಣಿನ ಕೆಂಪು ಉಗುರಿನ ಸಂದಿಯಲ್ಲೇ ಉಳಿದುಬಿಟ್ಟ ಕೈಗಳು. ಅವಳು ಚೆಂಬನ್ನು ಅವನ ಕಡೆ ಸರಿಸಿದಳು. “ಮುಂದಿನದು ನೀನು ಹಾಕು ತಾತ.”

ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಗಂಗಾ ಮಿಸ್ಸನ್ನು ಮನೆಗೆ ಕರೆದುಕೊಂಡು ಬಂದಳು. ಮಿಸ್ ಖಾಲಿ ತೊಟ್ಟುಗಳನ್ನು ಒಂದೊಂದಾಗಿ ನೋಡಿದರು. ಐದರಲ್ಲಿ ಎರಡೇ ಮೊಗ್ಗು ಉಳಿದಿದ್ದವು.

“ತಪ್ಪು ನಂದು ಮೇಡಂ,” ಎಂದ ತಾತ. “ಮಣ್ಣಿಲ್ದೆ ಗಿಡ ಬದುಕ್ತದೆ ಅಂತ ಗೊತ್ತಿರ್ಲಿಲ್ಲ.”

“ಅಲ್ಲ ಮಿಸ್. ನೀವು ಹೇಳಿದ್ದನ್ನ ನಾನು ತಾತಂಗೆ ಹೇಳ್ಲಿಲ್ಲ,” ಎಂದಳು ಗಂಗಾ. “ಮಣ್ಣು ಹಾಕಿದ್ದು ನೋಡಿದ್ಮೇಲೂ ಹೇಳ್ಲಿಲ್ಲ.”

ಮಿಸ್ ಒಂದು ಎಲೆಯನ್ನು ಬೆರಳಿನಿಂದ ಎತ್ತಿ, ಕೆಳಗೆ ಬಗ್ಗಿ ನೋಡಿದರು. ಅಲ್ಲಿ ಹೆಸರುಕಾಳಿನಷ್ಟು ದೊಡ್ಡ ಹೊಸ ಬೇರಿನ ತುದಿ ಇಣುಕುತ್ತಿತ್ತು.

“ನಮ್ಮನೇಲಿ ಒಂದು ವರ್ಷದಿಂದ ಹೊಸ ಬೇರು ಬಂದಿರ್ಲಿಲ್ಲ,” ಎಂದರು. “ಹೂ ಬಿಡೋ ತನಕ ಇಲ್ಲೇ ಇರ್ಲಿ. ಈಗ ಅಲುಗಾಡಿಸೋದು ಬೇಡ. ಗೋಣಿಚೀಲ ಹೆಂಗೆ ಕಟ್ಟಿದೀರಿ, ಅಜ್ಜಿ ಹತ್ರ ಕೇಳ್ಕೊಂಡು ಹೋಗ್ತೀನಿ.”

“ಕೇಳಿ, ಆದ್ರೆ ಹುಳುಮನೆ ಬಾಗಿಲಾಚೆ ನಿಂತ್ಕೊಂಡು ಕೇಳಿ,” ಎಂದಳು ಗಂಗಾ. “ಒಳಗೆ ಹೋದ್ರೆ ನಿಮಗೂ ಬೈತಾಳೆ.”

ಮರುದಿನ ಬೆಳಿಗ್ಗೆ ಗಂಗಾ ಎದ್ದು ನಡುಮನೆಗೆ ಬಂದಾಗ ತಾತ ಆಗಲೇ ಕಿಟಕಿಯ ಮುಂದೆ ಚಾಪೆ ಹಾಸಿ ಕುಳಿತಿದ್ದ. ದೊಡ್ಡ ಮೊಗ್ಗು ತುದಿಯಲ್ಲಿ ಬಿರಿದು, ಒಳಗಿನ ನೇರಳೆ ಬಣ್ಣ ಗೆರೆಯಷ್ಟು ಕಾಣುತ್ತಿತ್ತು. ತಾತ ತಿರುಗಿ ನೋಡದೆಯೇ ಚಾಪೆಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ.