ಎರಡನೇ ಬಾಯ್ಲರ್ ಹಿಂದಿನ ಚಕ್ರ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಾಗ ಇನ್ಸ್‌ಪೆಕ್ಟರ್ ಆಗಲೇ ಇಬ್ಬರ ಮೇಲೆ ಕೂಗಾಡಿ ಮುಗಿಸಿದ್ದರು. ಒಬ್ಬ ಜೀಪಿನ ಡ್ರೈವರ್, ಇನ್ನೊಬ್ಬ ಫ್ಯಾನ್ ರಿಪೇರಿಯವನು. ಕೂಗಾಡಿದ್ದರಿಂದ ಫ್ಯಾನೇನೂ ತಿರುಗಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ತಮ್ಮನ್ನು ಪಟಾಕಿ ಅನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಇನ್ನೂ ಜೋರಾಗಿ ಸಿಡಿಯುತ್ತಿದ್ದರು.

"ಏನಮ್ಮ ಕಳುವಾಗಿರೋದು?" ದಫೇದಾರರು ಕೇಳಿದರು.

"ನಮ್ಮ ಯಜಮಾನ್ರ ನೌಕರಿ."

"ನೌಕರಿ ಹೋದ್ರೆ ಅವರ ಆಫೀಸಿಗೆ ಹೋಗ್ಬೇಕು. ಇಲ್ಲಿಗ್ಯಾಕೆ ಬಂದ್ರಿ?"

"ಅವರು ತೀರಿಹೋಗಿ ಆರು ವರ್ಷ ಆಯ್ತು ಸಾರ್. ಅವರು ಮಾಡಿದ ಕೆಲಸಾನ ಯಾವನೋ ತನ್ನದು ಅಂತ ಹೇಳ್ಕೊಂಡು ತಿರುಗ್ತಿದ್ದಾನೆ."

ದಫೇದಾರರು ಪೆನ್ನು ಕೆಳಗಿಟ್ಟರು. ಒಳಗಿನಿಂದ ಇನ್ಸ್‌ಪೆಕ್ಟರ್ ಗದರಿದರು: "ಅದೇನು ಹರಟೆ ಅಲ್ಲಿ? ಒಳಗೆ ಕಳಿಸ್ರಿ!"

ಆಕೆ ಒಳಗೆ ಬಂದು, ಕೂರಿ ಅನ್ನುವ ಮೊದಲೇ ಕೂತಳು. ವಿಷಯ ಹೀಗಿತ್ತು. ಹೋದ ತಿಂಗಳು ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಎರಡನೇ ಬಾಯ್ಲರಿನ ಹಬೆ ಪೈಪು ಸಿಡಿದಿತ್ತು. ಇಬ್ಬರು ಕೆಲಸಗಾರರಿಗೆ ಸುಟ್ಟಗಾಯ. ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಆ ಪಾಳಿಯ ಇನ್‌ಚಾರ್ಜ್ ಆಗಿದ್ದವಳು ಈಕೆಯ ಮಗಳು. ಮಗಳನ್ನು ಅಮಾನತಿನಲ್ಲಿಟ್ಟಿದ್ದರು. ವಿಚಾರಣಾ ಸಮಿತಿ ಒಬ್ಬ ಇಂಧನ ನೀತಿ ತಜ್ಞರ ಅಭಿಪ್ರಾಯ ಕೇಳಿತ್ತು. ಅವರು ಅದನ್ನು ಲಕೋಟೆಯಲ್ಲಿಟ್ಟು ಕೊಟ್ಟಾಗಿತ್ತು. ಗುರುವಾರ ಸಮಿತಿಯ ಮುಂದೆ ಬಾಯಲ್ಲೂ ಹೇಳುವವರಿದ್ದರು. ಅವರು ಹುಡುಗಿಯ ತಪ್ಪು ಅಂದರೆ ಅವಳ ಲೈಸೆನ್ಸು ರದ್ದಾಗುತ್ತದೆ. ಮತ್ತೆ ಯಾವ ಸ್ಥಾವರದ ಬಾಗಿಲೂ ಅವಳಿಗೆ ತೆರೆಯುವುದಿಲ್ಲ. ನಿರ್ಲಕ್ಷ್ಯದ ಕೇಸು ಬೇರೆ.

"ಭಾನುವಾರ ಆ ತಜ್ಞ ಟೀವೀಲಿ ಮಾತಾಡಿದ," ಆಕೆ ಹೇಳಿದಳು. "ತಾನು ಇಪ್ಪತ್ತು ವರ್ಷ ಕಂಟ್ರೋಲ್ ರೂಮಲ್ಲಿ ಬೆವರು ಸುರಿಸಿದವನಂತೆ. ಒಂದು ಸಲ ಬಾಯ್ಲರ್ ಸಿಡಿಯೋ ಹೊತ್ತಲ್ಲಿ ಕೈಗೆ ಒದ್ದೆ ಗೋಣಿಚೀಲ ಸುತ್ಕೊಂಡು, ಹಿಂದುಗಡೆ ಇರೋ ದೊಡ್ಡ ಚಕ್ರ ತಿರುಗಿಸಿ ಇಡೀ ಪಾಳಿ ಉಳಿಸಿದನಂತೆ. ಅದು ನನ್ನ ಗಂಡ ಮಾಡಿದ್ದು ಸಾರ್! ಗೋಣಿಚೀಲದ ಸಮೇತ!"

"ಅಮ್ಮ, ಟೀವೀಲಿ ಬುರುಡೆ ಬಿಟ್ಟವರಿಗೆಲ್ಲ ಎಫ್‌ಐಆರ್ ಹಾಕ್ತಾ ಹೋದ್ರೆ ನನಗೆ ಇನ್ನೂ ನಾಲ್ಕು ಠಾಣೆ ಬೇಕು."

"ನನ್ನ ಗಂಡ ಮಾಡಿದ್ದು ಬುರುಡೆ ಅಲ್ಲ." ಆಕೆ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತಳು. "ನೀವು ವಿಚಾರಿಸೋವರೆಗೂ ಇಲ್ಲೇ ಇರ್ತೀನಿ. ಸೆಕೆ ನನಗೆ ರೂಢಿ ಇದೆ."

ಇನ್ಸ್‌ಪೆಕ್ಟರ್ ನಿಂತ ಫ್ಯಾನಿನ ಕಡೆ ನೋಡಿದರು. ಆಮೇಲೆ ಫೋನ್ ಎತ್ತಿಕೊಂಡರು.

ಮೊದಲು ಸಮಿತಿಯ ಕಚೇರಿ. ಈ ತಜ್ಞರ ಹಿನ್ನೆಲೆ ಯಾರು ಪರಿಶೀಲಿಸಿದ್ದು? "ಅವರು ಆ ದೊಡ್ಡ ಅಧ್ಯಯನ ಕೇಂದ್ರದ ಸದಸ್ಯರಲ್ವೇ ಸಾರ್, ಅವರು ನೋಡಿರ್ತಾರೆ." ಅಧ್ಯಯನ ಕೇಂದ್ರಕ್ಕೆ ಫೋನ್. "ಅವರು ಉದ್ಯಮಗಳ ಸಂಘಕ್ಕೆ ಸಲಹೆಗಾರರು. ಸಂಘದವರು ನೋಡದೆ ತಗೋತಾರಾ?" ಸಂಘಕ್ಕೆ ಫೋನ್. ಅಲ್ಲಿಯ ಕಾರ್ಯದರ್ಶಿಗೆ ಪ್ರಶ್ನೆಯೇ ಅವಮಾನ ಅನ್ನಿಸಿತು. "ಸರ್ಕಾರದ ವಿಚಾರಣಾ ಸಮಿತಿನೇ ಅವರನ್ನ ಕರೆದಿದೆ. ಇನ್ನೇನು ಬೇಕು ನಿಮಗೆ?"

ಇನ್ಸ್‌ಪೆಕ್ಟರ್ ಫೋನ್ ಕುಕ್ಕಿದರು. "ನೋಡ್ರಿ ದಫೇದಾರ್ರೇ! ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಕೂತಿದ್ದಾನೆ, ನೆಲದ ಮೇಲೆ ಒಬ್ಬನೂ ನಿಂತಿಲ್ಲ. ಪಾಸ್‌ಪೋರ್ಟ್ ಬೇಕು ಅಂದ್ರೆ ನಾವು ಬಡವನ ಮನೆಗೆ ಮೂರು ಸಲ ಹೋಗ್ತೀವಿ. ಇವನ ಮನೆಗೆ ಒಬ್ಬನೂ ಹೋಗಿಲ್ಲ!"

ನಾಲ್ಕನೆಯ ಫೋನು ಸ್ಥಾವರ ನಡೆಸುವ ಕಂಪನಿಯ ಮುಖ್ಯ ಕಚೇರಿಗೆ. ಅಲ್ಲಿಯ ಸಿಬ್ಬಂದಿ ಅಧಿಕಾರಿ ಮಧ್ಯಾಹ್ನ ಮೂರಕ್ಕೆ ತಿರುಗಿ ಫೋನ್ ಮಾಡಿದ. ಆ ಹೆಸರಿನವರು ಕೆಲಸದಲ್ಲಿದ್ದದ್ದು ಹೌದು. ಆದರೆ ಪ್ರಚಾರ ವಿಭಾಗದಲ್ಲಿ. ಭಾಷಣ ಬರೆಯುವುದು, ಪತ್ರಿಕೆಯವರಿಗೆ ಉತ್ತರ ಬರೆಯುವುದು ಅವರ ಕೆಲಸ. ಬೆಳ್ಳಿಹಬ್ಬದ ವರ್ಷ ಲೇಖನ ಬರೆಯಲೆಂದು ಒಮ್ಮೆ ಸ್ಥಾವರಕ್ಕೆ ಹೋಗಿದ್ದರು, ಅಷ್ಟೇ.

ಅದೇ ಸಂಜೆ ವಂಚನೆಯ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಆಕೆ ಸಹಿ ಹಾಕಿ ಎದ್ದಳು. ಫ್ಯಾನು ಆಗಲೂ ತಿರುಗುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ಸ್‌ಪೆಕ್ಟರ್, ದಫೇದಾರರು ತಜ್ಞರ ಕಚೇರಿಗೆ ಹೋದರು. ಏಳನೇ ಮಹಡಿ. ಗೋಡೆಯ ತುಂಬ ಫೋಟೋಗಳು. ವೇದಿಕೆ, ಹಾರ, ಮೈಕು. ತಜ್ಞರು ನಗುತ್ತಲೇ ಬರಮಾಡಿಕೊಂಡರು. ದನಿ ಎಷ್ಟು ಹದವಾಗಿತ್ತೆಂದರೆ ದಫೇದಾರರಿಗೆ ತಮ್ಮ ಕೆಮ್ಮನ್ನೂ ತಡೆದುಕೊಳ್ಳಬೇಕೆನ್ನಿಸಿತು.

"ಸ್ಥಾವರದಲ್ಲಿ ಎಷ್ಟು ವರ್ಷ ಇದ್ರಿ?"

"ಇಪ್ಪತ್ತು."

"ಮುಖ್ಯ ಕಚೇರಿಯವರು ನೀವು ಪ್ರಚಾರ ವಿಭಾಗ ಅಂತಾರೆ."

"ಸಂಬಳ ಅಲ್ಲಿಂದ ಬರ್ತಿತ್ತು. ಕೆಲಸ ಸ್ಥಾವರದಲ್ಲಿ. ನಿಯೋಜನೆ ಮೇಲೆ. ಆಗಿನ ಮ್ಯಾನೇಜರ್ ಸಹಿ ಮಾಡಿದ ಅನುಭವ ಪತ್ರ ಇದೆ."

"ಅವರು ಎಲ್ಲಿದ್ದಾರೆ?"

"ತೀರಿಕೊಂಡ್ರು, ಪಾಪ."

"ಸಿಡಿದ ಪೈಪಿಗೆ ಆ ಹುಡುಗಿ ಹೇಗೆ ಕಾರಣ?"

ತಜ್ಞರು ಬೆರಳುಗಳನ್ನು ಹೆಣೆದುಕೊಂಡರು. "ಒತ್ತಡ ಏರಿದಾಗ ಎರಡನೇ ಬಾಯ್ಲರಿನ ಹಿಂದೆ, ಮೂರನೇ ಮಹಡಿಯಲ್ಲಿರೋ ಚಕ್ರವನ್ನ ಕೈಯಿಂದ ತಿರುಗಿಸಬೇಕು. ಅದೇ ಕೊನೇ ದಾರಿ. ನಾನೇ ಒಮ್ಮೆ ತಿರುಗಿಸಿದ್ದೀನಿ. ಅವಳು ಆ ಕಡೆ ಹೋಗಲೇ ಇಲ್ಲ. ಸಮಿತಿಗೆ ಇದನ್ನೇ ಬರೆದು ಕೊಟ್ಟಿದ್ದೀನಿ."

"ಹೇಳಿಕೆಗೆ ಸಹಿ ಹಾಕ್ತೀರಾ?"

"ಧಾರಾಳವಾಗಿ."

ಹಾಕಿದರು. ಸಹಿ ಚೆಂದವಾಗಿತ್ತು.

ಹನ್ನೊಂದಕ್ಕೆ ಅವರು ತಾಯಿ, ಮಗಳ ಮನೆಯಲ್ಲಿದ್ದರು. ಸಣ್ಣ ಮನೆ, ನಡುಮನೆಯಲ್ಲೇ ಒಗೆದ ಬಟ್ಟೆ ಒಣಗುತ್ತಿತ್ತು. ಗೋಡೆಯ ಮೇಲೆ ತಂದೆಯ ಫೋಟೋ, ಮೀಸೆಯ ಕೆಳಗೆ ನಗುವೋ ಅಲ್ಲವೋ ಅನ್ನುವಂಥ ಮುಖ. ಮಗಳು ಒಂದು ತಿಂಗಳಿಂದ ಟೀವಿ ಹಾಕಿರಲಿಲ್ಲ, ಹೊರಗೆ ಹೆಚ್ಚು ಹೋಗಿರಲಿಲ್ಲ. ತಾಯಿ ಟೀ ಮಾಡಲು ಅಡುಗೆಮನೆಗೆ ಹೋದಳು. ಇನ್ಸ್‌ಪೆಕ್ಟರ್ ತಜ್ಞರ ಹೇಳಿಕೆ ಓದಿದರು.

'ಚಕ್ರ' ಅನ್ನುವ ಮಾತು ಬಂದದ್ದೇ ಹುಡುಗಿಯ ಮುಖ ಬದಲಾಯಿತು. ಎದ್ದು ಹೋಗಿ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಂದಳು.

"ಇದನ್ನ ನಿಜವಾಗ್ಲೂ ಸಹಿ ಹಾಕಿ ಕೊಟ್ಟಿದ್ದಾರಾ ಸಾರ್?"

"ಹೌದು. ಯಾಕೆ ತಿರುಗಿಸಲಿಲ್ಲ ನೀನು?"

"ಆ ಚಕ್ರ ಇಲ್ಲ ಸಾರ್. ಯಾವತ್ತೂ ಇರ್ಲಿಲ್ಲ."

ದಫೇದಾರರ ಪೆನ್ನು ನಿಂತಿತು.

"ಹೊಸಬರು ಕೆಲಸಕ್ಕೆ ಸೇರಿದ ವಾರ ಹಳಬರು ಗಾಬರಿ ನಟಿಸಿ ಕೂಗ್ತಾರೆ. ಓಡು, ಎರಡನೇ ಬಾಯ್ಲರ್ ಹಿಂದಿನ ಚಕ್ರ ತಿರುಗಿಸು ಅಂತ. ಅವರು ಮೂರೂ ಮಹಡಿ ಹತ್ತಿ ಇಳಿದು ಬೆವೆತು ವಾಪಸ್ ಬಂದ್ರೆ ಎಲ್ರೂ ನಗ್ತಾ ಕೂತಿರ್ತಾರೆ. ಸಿಕ್ಕಿಬಿದ್ದವರು ಪಾಳಿಗೆಲ್ಲ ಟೀ ಕೊಡಿಸ್ಬೇಕು. ನಾನೂ ಹುಡುಕಿದ್ದೀನಿ. ಆಗ ಅಪ್ಪನೇ ಇನ್‌ಚಾರ್ಜು, ಮಗಳು ಅಂತ ಕೂಡ ನೋಡ್ಲಿಲ್ಲ. ಮುಖ್ಯ ಕಚೇರಿಯಿಂದ ಕತೆ ಕೇಳೋಕೆ ಬಂದವರಿಗಂತೂ ಅಪ್ಪ ಗೋಣಿಚೀಲ ಎಲ್ಲ ಸೇರಿಸಿ ಹೇಳ್ತಿದ್ರು."

"ಮತ್ತೆ ನಿಮ್ಮಮ್ಮ?"

ಹುಡುಗಿ ದನಿ ತಗ್ಗಿಸಿದಳು. "ಮದುವೆಯಾದ ಹೊಸದರಲ್ಲಿ ಅಮ್ಮನಿಗೂ ಹೇಳಿಬಿಟ್ಟಿದ್ರಂತೆ. ಅವಳು ನಂಬಿ, ತವರುಮನೆಗೆಲ್ಲ ಸಾರಿಬಂದ್ಲು. ಆಮೇಲೆ ನಿಜ ಹೇಳೋಕೆ ಅಪ್ಪನಿಗೆ ಧೈರ್ಯ ಬರ್ಲಿಲ್ಲ. ದಯವಿಟ್ಟು ಅವಳಿಗೆ ಹೇಳ್ಬೇಡಿ ಸಾರ್. ಅವಳಿಗೆ ಇರೋದೇ ಅದೊಂದು."

"ಹೇಳಬೇಡಿ ಅಂದ್ರೆ!" ಪಟಾಕಿ ಸಿಡಿಯಿತು. "ದೂರು ಕೊಟ್ಟಿರೋದೇ ಅವರು! ನಾಳೆ ನಿನ್ನ ಕುತ್ತಿಗೆಗೆ ಬರುತ್ತೆ, ನೀನು ಸತ್ತವನ ಮೀಸೆ ಕಾಯ್ತಾ ಕೂತಿದ್ದೀಯ! ಬುದ್ಧಿ ಇದೆಯೇನಮ್ಮ ನಿನಗೆ?"

ಬಾಗಿಲು ತೆರೆಯಿತು. ತಾಯಿ ಟ್ರೇ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಿಮ್ಮಪ್ಪನ ಕೈ ಮೇಲಿದ್ದ ಆ ಸುಟ್ಟ ಕಲೆ?" ಮಗಳನ್ನು ಕೇಳಿದಳು.

"ಇಸ್ತ್ರಿಪೆಟ್ಟಿಗೆ ಅಮ್ಮ. ಹಾಸ್ಟೆಲಿನಲ್ಲಿದ್ದಾಗ."

ದಫೇದಾರರು ಎದ್ದು ಟ್ರೇ ತೆಗೆದುಕೊಂಡರು, ಬಿದ್ದೀತೆಂದು. ಆಕೆ ಗೋಡೆಯ ಫೋಟೋ ನೋಡಿದಳು, ಆ ಮೀಸೆಯ ಕೆಳಗಿನ ಬಾಯಿ ನೋಡಿದಳು. ಎಲ್ಲೋ ಹೊಟ್ಟೆಯೊಳಗಿಂದ ನಗು ಎದ್ದುಬಂತು. ನಕ್ಕಳು, ಗೋಡೆ ಹಿಡಿದುಕೊಂಡು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಯ್ಯೋ ಕಳ್ಳ! ಬದುಕಿರೋವರೆಗೂ ನನ್ನ ಕಿವಿಗೆ ಹೂವಿಟ್ನಲ್ಲ! ನಾನು ನಮ್ಮ ಅತ್ತಿಗೆ ಎದುರಿಗೆ ಅದೇನು ಬೀಗಿದ್ದೆ!" ಮತ್ತೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಾಗ ನಗು ಇರಲಿಲ್ಲ. "ಎಲ್ಲರ ಎದುರಿಗೆ ಹೇಳಿ ಸಾರ್. ಬೇಕಿದ್ರೆ ನಾನೇ ಹೇಳ್ತೀನಿ. ಹೋದವರ ಹೆಸರು ದೊಡ್ಡದು ಮಾಡಿ, ಇರೋ ಮಗಳನ್ನ ಕಳ್ಕೊಳ್ಳಲಾ?"

ಇನ್ಸ್‌ಪೆಕ್ಟರ್ ಟೀ ಕುಡಿದರು. ತಣ್ಣಗಾಗಿತ್ತು. ಅದಕ್ಕೆ ಯಾರನ್ನೂ ಬಯ್ಯಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಸ್ಥಾವರದ ಗೇಟಿನಲ್ಲಿ ಎಲ್ಲರೂ ಸೇರಿದರು. ಪಂಚರಾಗಿ ಎದುರಿನ ಔಷಧಿ ಅಂಗಡಿಯವನು ಮತ್ತು ಅಂಚೆ ಕಚೇರಿಯ ಗುಮಾಸ್ತೆ. ತಜ್ಞರನ್ನು ಸ್ಥಳ ತೋರಿಸಲು ಕರೆಸಲಾಗಿತ್ತು. ಅವರು ಸಂತೋಷದಿಂದಲೇ ಬಂದಿದ್ದರು.

ಅದಕ್ಕೂ ಮೊದಲು ಇನ್ಸ್‌ಪೆಕ್ಟರ್ ಮೂವರು ಆಪರೇಟರುಗಳನ್ನು ಒಬ್ಬೊಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳಿದ್ದರು: ಎರಡನೇ ಬಾಯ್ಲರ್ ಹಿಂದಿನ ಚಕ್ರ ಎಲ್ಲಿದೆ? ಮೊದಲನೆಯವನು ಬಾಯಿಗೆ ಕೈ ಅಡ್ಡ ಹಿಡಿದ. ಎರಡನೆಯವನು, "ಯಾರು ಸಾರ್, ನಿಮ್ಮನ್ನೂ ಹುಡುಕೋಕೆ ಕಳಿಸಿದ್ದು?" ಅಂದ. ಮೂರನೆಯವನು ಗಂಭೀರವಾಗಿ ಕೇಳಿದ, "ಟೀ ಎಷ್ಟು ಜನಕ್ಕೆ ಹೇಳ್ಲಿ ಸಾರ್?"

ತಜ್ಞರು ಹೆಲ್ಮೆಟ್ ತೊಟ್ಟು ಮುಂದೆ ನಡೆದರು. ಕಬ್ಬಿಣದ ಮೆಟ್ಟಿಲು ಕಾಲಡಿಯಲ್ಲಿ ನಡುಗುತ್ತಿತ್ತು. ಯಂತ್ರಗಳ ಗದ್ದಲಕ್ಕೆ ಎದೆಯೂ ಗುಂಯ್ ಅನ್ನುತ್ತಿತ್ತು. ಮೂರನೇ ಮಹಡಿ. ಬಾಯ್ಲರನ್ನು ಸುತ್ತಿಕೊಂಡು ಹಿಂದಕ್ಕೆ ಹೋದರು. ಅಲ್ಲಿ ಒಂದು ಇಟ್ಟಿಗೆ ಗೋಡೆ, ಮರಳು ತುಂಬಿದ ಕೆಂಪು ಬಕೆಟ್ಟುಗಳು, ಒಂದು ಬೆಂಚು. ತಜ್ಞರು ಎಡಕ್ಕೆ ಹೋಗಿ ಬಂದರು. ಬಲಕ್ಕೆ ಹೋಗಿ ಬಂದರು. ಹಣೆಯಲ್ಲಿ ಬೆವರು.

"ತೋರ್ಸಿ," ಇನ್ಸ್‌ಪೆಕ್ಟರ್ ಕೂಗಿದರು. ಆ ಗದ್ದಲದಲ್ಲಿ ಅವರ ದನಿಗೆ ಕೊನೆಗೂ ಸರಿಯಾದ ಜಾಗ ಸಿಕ್ಕಿತ್ತು.

"ತೆಗೆದುಬಿಟ್ಟಿದ್ದಾರೆ."

"ಯಾವಾಗ?"

"ತುಂಬ ಹಿಂದೆ ಇರ್ಬೇಕು. ನನ್ನ ಕಾಲದಲ್ಲಿ ಇಲ್ಲೇ ಇತ್ತು."

"ತುಂಬ ಹಿಂದೆ ತೆಗೆದ ಚಕ್ರವನ್ನ ಹೋದ ತಿಂಗಳು ಆ ಹುಡುಗಿ ತಿರುಗಿಸಲಿಲ್ಲ ಅಂತ ಬರೆದು ಕೊಟ್ರಾ?"

ತಜ್ಞರು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡರು.

"ಇನ್ನೊಂದು. ನೀವಿಲ್ಲಿ ಸೇರಿದ ವಾರ ಟೀ ಎಷ್ಟು ಜನಕ್ಕೆ ಕೊಡಿಸಿದ್ರಿ?"

"ಟೀ?" ತಜ್ಞರು ಮಿಕಿಮಿಕಿ ನೋಡಿದರು. "ಯಾವ ಟೀ?"

ಹಿಂದೆ ನಿಂತಿದ್ದ ಆಪರೇಟರುಗಳಿಗೆ ತಡೆಯಲಾಗಲಿಲ್ಲ. ನಗು ಮೆಟ್ಟಿಲಿಳಿದು ಕೆಳಗಿನ ಮಹಡಿಯವರೆಗೂ ಹೋಯಿತು. ಔಷಧಿ ಅಂಗಡಿಯವನಿಗೆ ಯಾಕೆಂದು ತಿಳಿಯದಿದ್ದರೂ ಅವನೂ ನಕ್ಕ.

ದಫೇದಾರರು ಆ ಬೆಂಚಿನ ಮೇಲೆಯೇ ಕೂತು ಪಂಚನಾಮೆ ಬರೆದರು: ಸದರಿ ಸ್ಥಳದಲ್ಲಿ ಯಾವುದೇ ಚಕ್ರ ಇರುವುದಿಲ್ಲ, ಗೋಡೆಯಲ್ಲಿ, ನೆಲದಲ್ಲಿ, ಪೈಪುಗಳಲ್ಲಿ ಹಿಂದೆ ಇದ್ದ ಬಗ್ಗೆ ಗುರುತು ಕಂಡುಬರುವುದಿಲ್ಲ. ಪಂಚರು ಸಹಿ ಹಾಕಿದರು. ನಾಲ್ಕು ಗಂಟೆಗೆ ತಜ್ಞನನ್ನು ಬಂಧಿಸಲಾಯಿತು. ಏಳನೇ ಮಹಡಿಯ ಕಚೇರಿಯನ್ನು ಶೋಧಿಸಿದಾಗ ಸತ್ತ ಮ್ಯಾನೇಜರರ ಸಹಿಯನ್ನು ಅಭ್ಯಾಸ ಮಾಡಿದ ಹಾಳೆಗಳು ಸಿಕ್ಕವು. ಆ ಹೊತ್ತಿಗೆ ಅವು ಯಾರಿಗೂ ಆಶ್ಚರ್ಯವನ್ನುಂಟುಮಾಡಲಿಲ್ಲ.

ಗುರುವಾರ ಸಮಿತಿಯ ಸಭಾಂಗಣದಲ್ಲಿ ತಜ್ಞರಿಗೆಂದು ಇಟ್ಟ ಕುರ್ಚಿ ಖಾಲಿಯಿತ್ತು. ಇನ್ಸ್‌ಪೆಕ್ಟರ್ ಎದ್ದು ನಿಂತು ಪಂಚನಾಮೆ ಓದಿದರು. ಅಧ್ಯಕ್ಷರು ಕನ್ನಡಕ ತೆಗೆದರು.

"ಅಂದ್ರೆ, ಚಕ್ರವೇ ಇಲ್ಲ?"

"ಇಲ್ಲ ಸ್ವಾಮಿ," ತಾಯಿ ಹಿಂದಿನ ಸಾಲಿನಿಂದ ಹೇಳಿದಳು, ಕರೆಯುವ ಮೊದಲೇ ಎದ್ದು ನಿಂತು. "ನನ್ನ ಗಂಡ ಕಟ್ಟಿದ ಕತೆ ಅದು. ನನಗೆ ಹೇಳಿದ, ನಾನು ನಂಬಿದೆ. ಹೆಂಡತಿ ನಂಬಿದ್ರೆ ಯಾರಿಗೂ ನಷ್ಟ ಇಲ್ಲ. ನೀವು ಇಷ್ಟು ಜನ ಓದಿದವರು, ಒಂದು ಸಲ ಮೆಟ್ಟಿಲು ಹತ್ತಿ ನೋಡಬಾರದಿತ್ತಾ?"

ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಪರೇಟರುಗಳೇ ಇರಬೇಕು. ಆಮೇಲೆ ಹಿಂದಿನ ಸಾಲುಗಳೆಲ್ಲ ತಟ್ಟಿದವು. ಸಮಿತಿ ತಜ್ಞನ ಅಭಿಪ್ರಾಯವನ್ನು ಕಿತ್ತುಹಾಕಿತು. ಸಿಡಿದ ಪೈಪಿನ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿತು. ಅದು ಒಳಗಿನಿಂದಲೇ ಸವೆದು ಹಾಳೆಯಷ್ಟು ತೆಳ್ಳಗಾಗಿತ್ತೆಂದು ಮುಂದಿನ ವಾರ ವರದಿ ಬಂತು. ಅಮಾನತು ರದ್ದಾಯಿತು. ಹುಡುಗಿ ಕೆಲಸಕ್ಕೆ ಹೋದ ಮೊದಲ ಬೆಳಿಗ್ಗೆ ಅವಳ ತಾಯಿ ಗೇಟಿನವರೆಗೂ ಜೊತೆಗೆ ನಡೆದು, ಕಾವಲುಗಾರನಿಗೆ, "ನಮ್ಮ ಹುಡುಗಿ, ಪಾಳಿ ಇನ್‌ಚಾರ್ಜು," ಅಂದಳು. ಅವನಿಗೆ ಅವಳು ಎಂಟು ವರ್ಷದಿಂದ ಗೊತ್ತಿದ್ದಳು. ಆದರೂ ಎದ್ದು ನಿಂತು ಸೆಲ್ಯೂಟ್ ಹೊಡೆದ.

ಆರೋಪಿ ತನ್ನ ಹೇಳಿಕೆಯನ್ನು ತಾನೇ ಬರೆಯುತ್ತೇನೆಂದು ಕೇಳಿಕೊಂಡ. ಹಾಳೆ ಕೊಟ್ಟರು. ಪ್ರಚಾರ ವಿಭಾಗದಲ್ಲಿ ತಾನು ಬರೆದ ಭಾಷಣಗಳನ್ನು ಬೇರೆಯವರು ಓದುತ್ತಿದ್ದರು, ಚಪ್ಪಾಳೆ ಅವರಿಗೆ ಬೀಳುತ್ತಿತ್ತು, ತಾನು ಪರದೆಯ ಹಿಂದೆ ನಿಂತು ಸಾಲು ತಪ್ಪುತ್ತದೋ ಎಂದು ನೋಡುತ್ತಿದ್ದೆ ಎಂದು ಬರೆದಿದ್ದ. ಒಮ್ಮೆ ಯಾವುದೋ ಸಭೆಯಲ್ಲಿ ನಿರೂಪಕಿ ತಪ್ಪಾಗಿ ಅವನನ್ನು ಸ್ಥಾವರದ ಹಿರಿಯ ಎಂಜಿನಿಯರ್ ಎಂದು ಪರಿಚಯಿಸಿದಳು. ಮುಂದಿನ ಸಾಲಿನವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅಲ್ಲ ಎನ್ನಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಯಾರೋ ನೀರು ತಂದುಕೊಟ್ಟರು. ಅಲ್ಲಿಂದ ಮುಂದೆ ಅವನು ಅಲ್ಲ ಎನ್ನಲಿಲ್ಲ.

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಬಯ್ಯಲು ಎಲ್ಲೂ ಒಂದು ತಪ್ಪು ಸಿಗಲಿಲ್ಲ.

"ಎಷ್ಟು ಚೆನ್ನಾಗಿ ಬರೆದಿದ್ದಾನಲ್ರೀ, ಬಡ್ಡೀಮಗ."

"ಅದೇ ಅಲ್ವಾ ಸಾರ್ ಅವನ ಕೆಲಸ."

"ಕೇಳಿದವರಿಗೆಲ್ಲ ಅದನ್ನೇ ಹೇಳಿದ್ರೆ ಆಗ್ತಿತ್ತಲ್ಲ," ಅಂದರು ಇನ್ಸ್‌ಪೆಕ್ಟರ್, ಮೆಲುದನಿಯಲ್ಲಿ. ಹಾಳೆಗಳನ್ನು ಅಂಚು ಕೂಡಿಸಿ ಕಡತಕ್ಕೆ ಸೇರಿಸಿ ನ್ಯಾಯಾಲಯಕ್ಕೆ ಕಳಿಸಿದರು.