ದಡ ಮುಟ್ಟದ ನಗು

"ನೀವು ಒಂದು ಮಾತು ಹೇಳಿದ್ರೆ ಸಾಕು, ನಾನು ಇಲ್ಲೇ ಉಳೀತೀನಿ," ಎಂದ ಇಸಾಮು.

ಬಂದರಿನಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಶಿಹೊ ರಾತ್ರಿಯೆಲ್ಲ ಅಪ್ಪನ ದೋಣಿಯಲ್ಲಿ ಗಾಳದ ದಾರ ಎಳೆದು ಬಂದವಳು, ಕೈಯಲ್ಲಿ ಜೀವಂತ ಬೊಂಡಾಸ, ಅಂದರೆ ಸ್ಕ್ವಿಡ್, ಈಜುತ್ತಿದ್ದ ಬಕೆಟ್ಟು ಹಿಡಿದು ನಿಂತಿದ್ದಳು. ಈ ಒಂದು ಮಾತಿಗಾಗಿ ಅವಳು ಇಡೀ ಬೇಸಿಗೆ ಕಾದಿದ್ದಳು. ಇದನ್ನು ಹೇಳುವಾಗ ಅವನ ಕಿವಿ ಕೆಂಪಾಗುತ್ತದೆ ಎಂದು ಮೊದಲೇ ಊಹಿಸಿದ್ದಳು. ಕೆಂಪಾಗಿಯೇ ಇತ್ತು.

ಅವಳು ನಕ್ಕಳು. ನಕ್ಕೆ ಎಂದುಕೊಂಡಳು.

ಮೇಲ್ತುಟಿ ಮಾತ್ರ ಎದ್ದಿತು. ತುಟಿಯ ಅಂಚುಗಳು ಇದ್ದಲ್ಲೇ ಇದ್ದವು. ಹಲ್ಲು ಕಂಡವು, ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಜಾರಿತು. ಅವನ ಕನ್ನಡಕದ ಗಾಜಿನಲ್ಲಿ ಅವಳಿಗೆ ತನ್ನ ಮುಖವೇ ಕಂಡಿತು. 'ಅಯ್ಯೋ, ಇವನ ಮುಖಕ್ಕಿಷ್ಟು' ಎಂದು ಹಲ್ಲು ಕಿರಿಯುವ ಹೆಂಗಸಿನ ಮುಖ ಅದು.

ಇಸಾಮು ಒಂದು ಹೆಜ್ಜೆ ಹಿಂದೆ ಸರಿದ. ಸೊಂಟ ಬಗ್ಗಿಸಿ ವಂದಿಸಿದ. "ಅರ್ಥ ಆಯ್ತು. ತೊಂದರೆ ಕೊಟ್ಟೆ, ಕ್ಷಮಿಸಿ," ಎಂದು ಬಕೆಟ್ಟು ತೆಗೆದುಕೊಂಡು ನಡೆದೇಬಿಟ್ಟ.

ನಿಲ್ಲಿ ಎಂದು ಕೂಗಿದಳು. ಆ ಕೂಗೆಲ್ಲ ಮೂಗಿನಿಂದ ಹೊರಟು ಕಲಸಿಹೋಯಿತು. ದೋಣಿಯಲ್ಲಿ ಬಲೆಬುಟ್ಟಿ ತೊಳೆಯುತ್ತಿದ್ದ ಅಪ್ಪ ತಲೆ ಎತ್ತಿ, "ಏನೇ ಅದು ದನಿ! ಬೆಳಗಾಗೆದ್ದು ಕುಡಿದ್ಯಾ?" ಎಂದು ನಗಾಡಿದ. ಇಸಾಮು ತಿರುಗಿ ನೋಡಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

*

ಇಸಾಮು ಆ ಊರಿನವನಲ್ಲ. ಬಂದರಿನಾಚೆ, ಕಡಲ ಬಂಡೆಯ ಮೇಲಿದ್ದ ಪ್ರಯೋಗಶಾಲೆಯಲ್ಲಿ ಬೊಂಡಾಸದ ನರ ಬಿಡಿಸಿ ಓದುವುದು ಅವನ ಕೆಲಸ. ಪುಸ್ತಕ ಹಿಡಿದವರನ್ನೆಲ್ಲ ಆ ಊರಿನವರು ಮೇಷ್ಟ್ರು ಎಂದೇ ಕರೆಯುವುದು. ಬೊಂಡಾಸಕ್ಕೆ ಮೂಲೆ ಕಂಡರಾಗದು, ಗುದ್ದಿಕೊಂಡು ಸಾಯುತ್ತದೆ. ಅದಕ್ಕೇ ಅವನು ದುಂಡನೆಯ ತೊಟ್ಟಿ ಕಟ್ಟಿಸಿದ್ದ. ದಿನಾ ಬೆಳಗ್ಗೆ ಅದನ್ನು ತುಂಬಿಸುತ್ತಿದ್ದವಳು ಶಿಹೊ.

ಜುಲೈಯ ಒಂದು ಮಧ್ಯಾಹ್ನ, ನಿದ್ದೆ ಮುಗಿಸಿ ಮುಖ ತೊಳೆದು ಲಕ್ಷಣವಾಗಿ ಬಂದಿದ್ದವಳನ್ನು ಅವನು ಒಳಗೆ ಕರೆದಿದ್ದ. ಗಾಜಿನ ತಟ್ಟೆಯ ಉಪ್ಪುನೀರಿನಲ್ಲಿ ಶಾವಿಗೆಗಿಂತ ಸಣ್ಣದೊಂದು ಬಿಳಿ ಎಳೆ ಇತ್ತು. ಅದಕ್ಕೆ ಕೂದಲಿನಂಥ ತಂತಿ ತಾಗಿಸಿದ. ಮೂಲೆಯಲ್ಲಿದ್ದ ಸ್ಪೀಕರ್ ಟಕ್ ಎಂದಿತು. ಮತ್ತೆ ಟಕ್.

"ಅಯ್ಯೋ, ಇದಿನ್ನೂ ಸತ್ತಿಲ್ವಾ?"

"ಬೊಂಡಾಸ ಸತ್ತಿದೆ. ನರಕ್ಕಿನ್ನೂ ಸುದ್ದಿ ಮುಟ್ಟಿಲ್ಲ."

"ಏನಂತಿದೆ?"

"ಇದಕ್ಕೆ ಬರೋದು ಒಂದೇ ಮಾತು. ನೋಡಿ, ಸಮುದ್ರದ ಉಪ್ಪು ಹೊರಗೆ ಜಾಸ್ತಿ, ಒಳಗೆ ಕಮ್ಮಿ. ನರದ ಗೋಡೆ ತುಂಬ ಸಣ್ಣ ಸಣ್ಣ ಬಾಗಿಲು. ಜೋರಾಗಿ ತಟ್ಟಿದ್ರೆ ಬಾಗಿಲು ತೆರೆಯತ್ತೆ, ಉಪ್ಪು ಒಳಗೆ ನುಗ್ಗತ್ತೆ, ಕರೆಂಟ್ ಏಳತ್ತೆ. ಆ ಕರೆಂಟು ಪಕ್ಕದ ಬಾಗಿಲು ತೆರೆಸತ್ತೆ, ಅದು ಅದರ ಪಕ್ಕದ್ದು. ಹಂಗೇ ತುದಿವರೆಗೂ ಓಡತ್ತೆ."

"ಮೆಲ್ಲಗೆ ತಟ್ಟಿದ್ರೆ?"

"ಏನೂ ಇಲ್ಲ. ನರ ಅರ್ಧ ಮಾತು ಆಡಲ್ಲ. ಆಡಿದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲವೇ ಇಲ್ಲ."

"ನಿಮಗಿಂತ ಅದೇ ವಾಸಿ ಬಿಡಿ ಮೇಷ್ಟ್ರೇ," ಎಂದಳು ಶಿಹೊ. "ನೀವು 'ಶಿಹೊ ಅವರೇ, ನಾಳೆ ಸಂಜೆ...' ಅಂತ ಶುರು ಮಾಡ್ತೀರಿ. 'ಎರಡು ಬೊಂಡಾಸ ಜಾಸ್ತಿ ತನ್ನಿ' ಅಂತ ಮುಗಿಸ್ತೀರಿ."

ಅವನ ಕಿವಿ ಕೆಂಪಾಯಿತು. ಸ್ಪೀಕರ್ ಟಕಟಕ ಎನ್ನುತ್ತಲೇ ಇತ್ತು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಅವಳು ಕೆನ್ನೆ ನೋಯುವಷ್ಟು ನಕ್ಕಳು. ಆಗ ಅವಳಿಗೆ ನಗಲು ಬರುತ್ತಿತ್ತು.

*

ವರ್ಷ ಚಳಿಗಾಲದ ಬಾಗಿಲಿಗೆ ಬಂದಾಗ ಮೊದಲು ಎಡಗಣ್ಣಿನ ರೆಪ್ಪೆ ಸೋತಿತು. ಊರಿಗೆ ಊರೇ ಒಂದೇ ರೋಗದ ಹೆಸರು ಹೇಳಿತು: ದೀಪದ ಕಣ್ಣು. ಬೊಂಡಾಸವನ್ನು ಸೆಳೆಯಲು ದೋಣಿಯ ತುಂಬ ಹಗಲಿನಂಥ ದೀಪಗಳನ್ನು ನೇತುಹಾಕುತ್ತಾರಲ್ಲ, ಅದರ ಝಳಕ್ಕೆ ಕಣ್ಣು ಸುಟ್ಟವರು ಅಲ್ಲಿ ಮನೆಗೊಬ್ಬರು. ಅದಕ್ಕೆ ಮದ್ದೂ ಒಂದೇ. ಮೀನಿಗೆ ಹಾಕುವ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕಣ್ಣಿಗಿಡುವುದು. ಶಿಹೊ ಇಟ್ಟುಕೊಂಡಳು. ರೆಪ್ಪೆ ಎದ್ದಿತು!

"ನೋಡಿದ್ಯಾ? ಸುಟ್ಟಿದ್ದಕ್ಕೆ ತಂಪು," ಎಂದು ಅಪ್ಪ ಗೆದ್ದವನಂತೆ ಹೇಳಿದ. ಮಂಜುಗಡ್ಡೆಗೆ ಬಗ್ಗಿದ್ದು ದೀಪದ ಕಣ್ಣಲ್ಲದೆ ಇನ್ನೇನು? ಡಾಕ್ಟರ ಮಾತನ್ನು ಯಾರೂ ಎತ್ತಲಿಲ್ಲ.

ಆದರೆ ದೀಪ ಕೆನ್ನೆಯನ್ನೂ ಸುಡುತ್ತದೆಯೇ? ಒಣಗಿದ ಬೊಂಡಾಸ ಅಗಿಯುತ್ತಿದ್ದರೆ ಅರ್ಧದಲ್ಲಿ ದವಡೆ ನಿಲ್ಲುತ್ತಿತ್ತು. ಸಾರು ಗಂಟಲಲ್ಲಿ ಸಿಕ್ಕಿ ಮೂಗಿಗೆ ಬರುತ್ತಿತ್ತು. ನಿದ್ದೆ ಮಾಡಿ ಎದ್ದಾಗ ಎಲ್ಲ ಸರಿ, ಕೆಲಸ ಮಾಡುತ್ತಾ ಹೋದಂತೆ ಎಲ್ಲ ಇಳಿಮುಖ. ದೋಣಿಯಲ್ಲಿ ಬೊಂಡಾಸದ ಎರಡು ಕಣ್ಣಿನ ನಡುವೆ ಸೂಜಿ ಚುಚ್ಚಿ ಕೊಲ್ಲುವುದು ಅವಳದೇ ಕೆಲಸ. ನರ ಕಡಿದೊಡನೆ ಕಂದು ಮೈಯ ಒಂದು ಅರ್ಧ ಬೆಳ್ಳಗಾಗುತ್ತದೆ, ಸೂಜಿ ಹೊರಳಿಸಿದರೆ ಇನ್ನೊಂದರ್ಧ. ಸಾವಿರ ಸಲ ಮಾಡಿದ ಕೆಲಸ ಅದು. ಈಗ ಮೊದಲ ಅರ್ಧ ಬೆಳ್ಳಗಾಗುವುದನ್ನು ಕಂಡಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ನನ್ನನ್ನೂ ಯಾರೋ ಹೀಗೇ ಚುಚ್ಚಿದ್ದಾರೆ, ಇನ್ನೊಂದರ್ಧ ಯಾವಾಗ ಹೋಗುತ್ತದೋ ಎಂದು ಹೆದರುತ್ತಿದ್ದಳು.

ಈಗೀಗ ಇಸಾಮು ಅವಳನ್ನು ನೋಡುತ್ತಿದ್ದುದೆಲ್ಲ ಬೆಳಗಿನ ಜಾವ, ಅವಳು ಸೋತು ಸುಣ್ಣವಾಗಿ ಬರುವಾಗ. ಅವನು ಬಾಯಿಬಿಟ್ಟು ಕೇಳಿದ್ದೂ ಅಂಥದೇ ಒಂದು ಬೆಳಗ್ಗೆ.

*

"ಮೇಷ್ಟ್ರು ಹೊರಟ್ರಂತೆ ಕಣೇ, ನಾಳೆ ಮಧ್ಯಾಹ್ನದ ಬಸ್ಸಿಗೆ," ಎಂದು ಸುದ್ದಿ ತಂದವಳು ಮಸುಯೊ ಅತ್ತೆ. ಬಸ್‌ಸ್ಟ್ಯಾಂಡಿನಲ್ಲಿ ಬೊಂಡಾಸ ಸುಟ್ಟು ಮಾರುವವಳು. ಊರಿನ ಸುದ್ದಿಯೆಲ್ಲ ಅವಳ ಕೆಂಡದ ಮೇಲೇ ಬೇಯಬೇಕು. "ಒಸಾಕಾಗೆ. ಪ್ರಯೋಗಶಾಲೆಯವರು ಇನ್ನೆರಡು ವರ್ಷ ಇರಿ ಅಂದ್ರೂ ಒಲ್ಲೆ ಅಂದ್ರಂತೆ."

ಶಿಹೊ ಕನ್ನಡಿಯ ಮುಂದೆ ನಿಂತಳು. "ಉಳೀರಿ," ಎಂದಳು. ಚೆನ್ನಾಗಿ ಬಂತು. ಇನ್ನೊಮ್ಮೆ ಹೇಳಿದಳು. ಆಮೇಲೆ ಇನ್ನೊಮ್ಮೆ. ಹೇಳುತ್ತಾ ಹೋದಂತೆ ಮಾತು ಮೂಗಿಗೇರಿತು, ನಾಲಿಗೆ ದಪ್ಪವಾಯಿತು, ಕನ್ನಡಿಯಲ್ಲಿ ಆ ಹಲ್ಲು ಕಿರಿಯುವ ಹೆಂಗಸು ಬಂದು ನಿಂತಳು.

ಕಾಗದ ಬರೆಯಬಹುದಿತ್ತು. ಆದರೆ ಮುಖದಲ್ಲಿ ಮೂದಲಿಕೆ ಕಂಡವನು ಅಕ್ಷರವನ್ನು ನಂಬುತ್ತಾನೆಯೇ? ಪಾಪ ಎಂದು ಬರೆದಿದ್ದಾಳೆ ಎಂದುಕೊಳ್ಳುತ್ತಾನೆ. ಮುಖದಿಂದ ಕೆಟ್ಟದ್ದನ್ನು ಮುಖವೇ ಸರಿಮಾಡಬೇಕಿತ್ತು.

ಜ್ವರ ಎಂದು ಸುಳ್ಳು ಹೇಳಿ ದೋಣಿ ತಪ್ಪಿಸಿದಳು. ಬೆಳಗ್ಗೆ ಎದ್ದವಳು ಮಾತಾಡಲಿಲ್ಲ. ಅಗಿಯಬೇಕಾಗುತ್ತದೆಂದು ಅನ್ನ ಮುಟ್ಟಲಿಲ್ಲ. ಅಪ್ಪ ಗದರಿದರೂ ತಲೆಯಷ್ಟೇ ಆಡಿಸಿದಳು. ಮನೆಯಲ್ಲಿ ಉಳಿದ ಒಂದು ಹಿಡಿ ಅಕ್ಕಿಯನ್ನು ನೆಂಟನಿಗಾಗಿ ಎತ್ತಿಟ್ಟ ಹಾಗೆ, ಮುಖದಲ್ಲಿ ಉಳಿದ ಒಂದೇ ಒಂದು ನಗುವನ್ನು ಅವನಿಗಾಗಿ ಎತ್ತಿಟ್ಟಳು. ಬಟ್ಟೆಯಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು.

ಅಲ್ಲಿ ಇದ್ದಳಲ್ಲ ಮಸುಯೊ ಅತ್ತೆ.

"ಏನೇ, ಜ್ವರ ಅಂದ್ಯಂತೆ? ಮಾತಾಡೇ. ನಿನ್ನಪ್ಪನ್ನೇ ಎತ್ತಿ ಆಡಿಸಿದವಳು ನಾನು, ನನ್ನ ಹತ್ರ ಬಿಂಕನಾ?"

ಶಿಹೊ ತುಟಿ ಬಿಗಿಹಿಡಿದು ರಸ್ತೆ ನೋಡಿದಳು.

"ಓಹೋ. ಈಗ ನೋಡೋಕೆ ಬಂದ್ಯೋ? ಪಾಪ, ಬಂಗಾರದಂಥ ಹುಡುಗ. ಅವನು ಮನಸ್ಸು ಬಿಚ್ಚಿ ಕೇಳಿದ್ರೆ ಮುಖದ ಮೇಲೇ ಹಲ್ಲು ಕಿರಿದ್ಯಂತೆ. ದೋಣಿಯವರೆಲ್ಲ ನೋಡಿದ್ರಂತೆ. ಇಷ್ಟು ಸೊಕ್ಕು ಒಳ್ಳೇದಲ್ಲ ಕಣೇ."

"ಸುಳ್ಳು!" ಶಿಹೊಗೆ ತಡೆಯಲಾಗಲಿಲ್ಲ. "ಸುಳ್ಳು ಅತ್ತೆ! ನಾನು ಹಲ್ಲು ಕಿರೀಲಿಲ್ಲ! ಅವರು ಕೇಳಿದ್ದಕ್ಕೆ ನನ್ನ ಜೀವಾನೇ ಬಾಯಿಗೆ ಬಂದಿತ್ತು, ಹೂಂ ಅನ್ನೋಕೇ ಹೋದೆ, ಈ ದರಿದ್ರ ಮುಖ ನನ್ನ ಮಾತು ಕೇಳ್ಲಿಲ್ಲ! ನಂಗವರು ಬೇಕು ಅತ್ತೆ, ಅವರು ಹೋದ್ರೆ ನಾನು..."

ಅಷ್ಟರಲ್ಲಿ ಅವಳ ದನಿ ಮೂಗಿಗೇರಿ, ಕಲಸಿ, ನಿಂತುಹೋಯಿತು. ಎತ್ತಿಟ್ಟಿದ್ದೆಲ್ಲ ಬೊಂಡಾಸ ಮಾರುವ ಮುದುಕಿಯ ಮುಂದೆ ಖರ್ಚಾಗಿತ್ತು. ಮಸುಯೊ ಅತ್ತೆಗೆ ಕೊನೆಯ ಮಾತುಗಳು ಅರ್ಥವೂ ಆಗಲಿಲ್ಲ. "ಕುಡಿದಿದೀಯಾ?" ಎಂದು ಕೇಳಿದಳು.

ಪೆಟ್ಟಿಗೆ ಹೊತ್ತು ಇಸಾಮು ಬಂದ. ಅವಳನ್ನು ಕಂಡು ನಿಂತ. ಅವನ ಕಣ್ಣಲ್ಲಿ ಒಂದು ಗಳಿಗೆ ಆಸೆ ಮೂಡಿದ್ದನ್ನು ಶಿಹೊ ಕಂಡಳು, ಕಂಡು ಎದೆ ಒಡೆಯಿತು. ಬಾಯಿ ತೆರೆದಳು. 'ಉಳೀರಿ'ಯ ಉ ಎಂಬಷ್ಟಕ್ಕೂ ತುಟಿ ಕೂಡಲಿಲ್ಲ. ರೆಪ್ಪೆ ಜಾರಿತು. ಮೇಲ್ತುಟಿ ಎದ್ದು ಅದೇ ಹಲ್ಲು ಕಂಡವು.

ಆಸೆ ಆರಿತು. "ಚೆನ್ನಾಗಿರಿ ಶಿಹೊ ಅವರೇ," ಎಂದು ಅವನು ತಲೆ ಬಾಗಿಸಿದ.

ಬಸ್ಸು ಬಂತು. ಅವಳು ಬೆಂಚಿನ ಮೇಲೆ ಕುಸಿದಳು. ಅಳುವುದನ್ನಾದರೂ ಅವನು ನೋಡದಿರಲಿ ಎಂದು ಮಂಜುಗಡ್ಡೆಯ ಗಂಟನ್ನು ಎಡಗಣ್ಣಿಗೆ ಒತ್ತಿಕೊಂಡಳು, ಬಲಗಣ್ಣನ್ನು ಕೈಯಿಂದ ಮುಚ್ಚಿದಳು. ಡ್ರೈವರ್ ಇಳಿದು ಮಸುಯೊ ಅತ್ತೆಯ ಹತ್ತಿರ ಬೊಂಡಾಸ ಕೊಂಡ, ಸಿಗರೇಟು ಹಚ್ಚಿದ. ಸಾಯುವುದೆಂದರೆ ಇದೇ ಇರಬೇಕು, ಒಳಗೆ ಪೂರ್ತಿ ಬದುಕಿದ್ದು ಹೊರಗೆ ಯಾರಿಗೂ ಕೇಳಿಸದಿರುವುದು ಎಂದುಕೊಂಡಳು. ಬಸ್ಸು ಹಾರ್ನ್ ಹೊಡೆದಾಗ, ಕೊನೆಗೊಮ್ಮೆ ನೋಡೋಣವೆಂದು ಕೈಯನ್ನೂ ಗಂಟನ್ನೂ ತೆಗೆದಳು.

ಇಸಾಮು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವಳನ್ನೇ ನೋಡುತ್ತಿದ್ದ. ಅವಳ ಎಡಗಣ್ಣು ಅಗಲವಾಗಿ ತೆರೆದಿತ್ತು.

ಅವನು ಕಾಲು ಕೆಳಗಿಟ್ಟ. "ಏನದು? ಮಂಜುಗಡ್ಡೆನಾ?"

"ದೀಪದ ಕಣ್ಣು, ಮೇಷ್ಟ್ರೇ," ಎಂದಳು ಮಸುಯೊ ಅತ್ತೆ. "ಸುಟ್ಟಿದ್ದಕ್ಕೆ ತಂಪು."

"ಆಗಷ್ಟೇ ಬಿದ್ದಿದ್ದ ರೆಪ್ಪೆ ಈಗ ಎದ್ದಿದೆ. ಸುಟ್ಟ ಗಾಯ ಹಾಗೆ ವಾಸಿ ಆಗತ್ತಾ ಅತ್ತೆ?" ಅವನು ಬೆಂಚಿನ ಮುಂದೆ ಮೊಣಕಾಲೂರಿದ. "ಮಾತಾಡಬೇಡಿ, ತಲೆ ಆಡಿಸಿ ಸಾಕು. ಮಲಗಿ ಎದ್ರೆ ಸರಿ ಇರತ್ತಾ? ಕೆಲಸ ಮಾಡ್ತಾ ಮಾಡ್ತಾ ಸೋಲುತ್ತಾ? ದವಡೆ? ಮಾತು?"

ಎಲ್ಲಕ್ಕೂ ಹೌದು.

"ಆವತ್ತು ಬೆಳಗ್ಗೆ..." ಅವನ ಮಾತು ನಿಂತಿತು. ಅರ್ಧ ಮಾತಿನ ಮನುಷ್ಯ ಈ ಸಲ ಪೂರ್ತಿ ಮಾಡಿದ. "ಆವತ್ತು ನೀವು ನಗೋಕೆ ಹೋಗಿದ್ರಾ?"

ಶಿಹೊ ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು. ಕಣ್ಣೀರು ತುಟಿಗೆ ಬಂದರೂ ಒರೆಸಿಕೊಳ್ಳಲಿಲ್ಲ.

"ನಾನೆಂಥ ಪೆದ್ದ," ಎಂದ ಇಸಾಮು. "ದಿನಾ ಇದನ್ನೇ ನೋಡೋನು ನಾನು. ಕೇಳಿ ಶಿಹೊ. ಟಕ್ ಅಂತಿತ್ತಲ್ಲ, ಆ ಸುದ್ದಿ ನರದ ತುದಿವರೆಗೂ ಬರತ್ತೆ. ಅಲ್ಲೊಂದು ಸಂದು ಇದೆ, ಕರೆಂಟು ಅದನ್ನ ದಾಟಲ್ಲ. ನರ ತನ್ನ ತುದಿಯಿಂದ ಒಂದು ರಸ ಬಿಡತ್ತೆ. ಅದು ಸಂದು ದಾಟಿ ಆ ದಡದ ಗೂಟಕ್ಕೆ ಕಟ್ಟಿಕೊಂಡ್ರೆ ಮಾತ್ರ ತುಟಿ ಅಲುಗೋದು. ನಿಮ್ಮ ಮೈ ಕಾಯೋ ಕಾವಲುಗಾರರೇ ಆ ಗೂಟಗಳನ್ನ ಕಳ್ಳರು ಅಂದ್ಕೊಂಡು ಮುರೀತಿದ್ದಾರೆ ಅನ್ಸತ್ತೆ. ಬಿಟ್ಟ ರಸವನ್ನ ಗುಡಿಸಿ ಹಾಕೋಕೆ ಅಲ್ಲೊಬ್ಬ ಇರ್ತಾನೆ. ಚಳಿಗೆ ಅವನ ಕೈ ನಿಧಾನ ಆಗತ್ತೆ, ಉಳಿದ ಗೂಟಕ್ಕೆ ರಸ ಸಿಗತ್ತೆ. ಅದಕ್ಕೇ ರೆಪ್ಪೆ ಎದ್ದಿದ್ದು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಮೈಯೊಳಗೂ ಉಂಟು ಎಂದಾಯಿತು.

"ನಿಮ್ಮ ನರ ಪೂರ್ತಿ ಹೇಳ್ತಾನೇ ಇತ್ತು," ಎಂದ ಅವನು. "ಕೇಳಿಸ್ಕೊಳ್ಳದೆ ಹೋದವರಲ್ಲಿ ನಾನೂ ಒಬ್ಬ."

ಅವಳು ಅವನ ತೋಳು ಹಿಡಿದಳು. ಮುಳುಗುವವಳ ಹಿಡಿತ ಅದು.

"ನುಂಗೋಕೆ ಕಷ್ಟ ಆಗತ್ತಾ?" ಹೌದು. "ಅಂಗಾತ ಮಲಗಿದ್ರೆ ಉಸಿರು?" ಶಿಹೊ ತಲೆ ತಗ್ಗಿಸಿದಳು. ಯಾರಿಗೂ ಹೇಳಿರದ ಸಂಗತಿ ಅದು. ಇಸಾಮುವಿನ ಮುಖ ಬಿಳಿಚಿತು.

"ಸಾಯ್...ತೀನಾ?" ಎಂದು ಮೂಗಿನಲ್ಲಿ ಹೇಗೋ ಕೇಳಿದಳು.

"ನಾನು ಡಾಕ್ಟರ್ ಅಲ್ಲ. ಸುಳ್ಳು ಧೈರ್ಯ ಹೇಳಲ್ಲ. ಔಷಧಿ ಇದೆ ಅನ್ನೋದು ಗೊತ್ತು, ಹೀಗೇ ಬಿಟ್ರೆ ಕೆಟ್ಟದ್ದಾಗತ್ತೆ ಅನ್ನೋದೂ ಗೊತ್ತು. ದೊಡ್ಡಾಸ್ಪತ್ರೆ ಇರೋದು ಹಾಕೊದಾತೆಯಲ್ಲಿ. ಈ ಬಸ್ಸು ಅಲ್ಲಿಗೇ ಹೋಗೋದು. ಏಳಿ."

"ಹತ್ತೋರು ಹತ್ತಿ, ಇಲ್ಲಾಂದ್ರೆ ಬಿಡಿ!" ಎಂದು ಡ್ರೈವರ್ ರೇಗಿದ.

ಇಸಾಮು ಅವಳನ್ನು ಎಬ್ಬಿಸಿದ. ಮಸುಯೊ ಅತ್ತೆ ಒಲೆ ಬಿಟ್ಟು ಓಡಿಬಂದು, ಮೀನಿನ ಪೆಟ್ಟಿಗೆಯಿಂದ ಬಾಚಿದ ಮಂಜುಗಡ್ಡೆಯನ್ನು ತನ್ನ ಏಪ್ರನ್ನಿನಲ್ಲೇ ಕಟ್ಟಿ ಕೊಟ್ಟಳು. "ನಿನ್ನಪ್ಪನಿಗೆ ನಾನು ಹೇಳ್ತೀನಿ ಹೋಗು," ಎಂದಳು. ಅವನ ಪೆಟ್ಟಿಗೆ ಬೆಂಚಿನ ಬಳಿಯೇ ಉಳಿಯಿತು, ಯಾರೂ ನೆನಪಿಸಲಿಲ್ಲ.

ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ಜಾರುತ್ತಿದ್ದ ತಲೆಯನ್ನು ಹೆಗಲಿಗೆ ಆನಿಸಿಕೊಂಡ. ಅವನ ಎದೆ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿದ್ದುದು ಅವಳ ಕಿವಿಗೇ ಕೇಳಿಸಿತು.

"ಶಿಹೊ, ಆವತ್ತಿನ ಮಾತು ಇನ್ನೊಂದು ಸಲ ಕೇಳ್ಲಾ?"

ಅವಳು ಗಾಬರಿಯಿಂದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಮತ್ತೆ ಆ ಮುಖವನ್ನು ಅವನಿಗೆ ತೋರಿಸುವುದೇ? ಅವನು ಮೆಲ್ಲಗೆ ಬಟ್ಟೆ ಸರಿಸಿದ.

"ನಾನು ಉಳೀಲಾ?"

ಶಿಹೊ ನಕ್ಕಳು. ಮೇಲ್ತುಟಿ ಎದ್ದಿತು, ಹಲ್ಲು ಕಂಡವು, ರೆಪ್ಪೆ ಜಾರಿತು. ಕಿಟಕಿಯ ಹೊರಗೆ ನಿಂತಿದ್ದ ಮಸುಯೊ ಅತ್ತೆ ಎದೆಗೆ ಕೈಯಿಟ್ಟುಕೊಂಡು, "ಅಯ್ಯಯ್ಯೋ, ಮತ್ತೆ ಹಲ್ಲು ಕಿರಿದ್ಲಲ್ರೀ ಮೇಷ್ಟ್ರೇ!" ಎಂದು ಕೂಗಿದಳು.

"ಇಲ್ಲ ಅತ್ತೆ," ಎಂದ ಇಸಾಮು, ಅವಳ ಮುಖದಿಂದ ಕಣ್ಣು ತೆಗೆಯದೆ. "ಹೂಂ ಅಂದ್ಲು."