ಮೂರನೆಯದನ್ನು ಆರಿಸಿದವರು ಯಾರು?

"ಅಯ್ಯೋ, ಕೊಲೆ!"

ಕಿರುಚಿದ್ದು ವಿಜ್ಞಾನಿ. ಕಿರುಚಿದ್ದು ಚಿಕ್ಕಮ್ಮನ ಕಾರ್ ಶೆಡ್ಡಿನಿಂದ. ಆ ಶೆಡ್ಡೇ ಅವಳ ಹೊಸ ಕಂಪನಿ. ಕಂಪನಿ ಎಂದರೆ ಅವಳು, ಅವಳ ಗಂಡ ಮತ್ತು ಬಟ್ಟೆಯ ಎಣ್ಣೆಕಲೆ ತಿನ್ನುವ ಸೂಕ್ಷ್ಮಜೀವಿಗಳು. ಅವುಗಳಿಗೆ ಸದಾ ಬಿಸಿ ಬೇಕು, ತಣ್ಣಗಾದರೆ ಕಥೆ ಮುಗಿಯಿತು. ಒಳ್ಳೆಯ ಯಂತ್ರ ಕೊಳ್ಳಲು ಕೈಲಾಗದೆ, ಮೂರು ಮರದ ಪೆಟ್ಟಿಗೆಗಳಲ್ಲಿ ಬಲ್ಬು ಉರಿಸಿ ಮೂರು ತಳಿ ಸಾಕಿದ್ದಳು.

ಚಿಕ್ಕಮ್ಮ ಓಡಿ ಬಂದರು. ನಿವೃತ್ತ ಇನ್‌ಸ್ಪೆಕ್ಟರ್. ಕೇಸಿಲ್ಲದೆ ಅವರ ಕೈ ತುರಿಸುತ್ತಿತ್ತು.

"ಯಾರೂ ಏನೂ ಮುಟ್ಟಬೇಡಿ!" ಎಂದು ತಾವೇ ಎಲ್ಲವನ್ನೂ ಮುಟ್ಟಿದರು.

"ಚಿಕ್ಕಮ್ಮ, ಒಂದು ಪೆಟ್ಟಿಗೇಲಿ ಎಲ್ಲಾ ಸತ್ತಿವೆ. ಸರಿಯಾಗಿ ಕಲೆ ತಿಂತಿದ್ದದ್ದು ಅವು ಮಾತ್ರ. ಇನ್ನೇನು ಹಣ ಹಾಕೋರು ಬಂದ್ಬಿಡ್ತಾರೆ. ತೋರಿಸೋಕೆ ಏನೂ ಇಲ್ದಿದ್ರೆ ಕಂಪನಿ ಮುಚ್ಚಿದ ಹಾಗೇ." ಅವಳ ಕಣ್ಣು ತುಂಬಿತು.

ಫ್ಲಾಸ್ಕ್ ಅಪ್ಪಿಕೊಂಡು ಗಂಡ ಬಂದ. "ಏನಾಯ್ತು? ಮೂರನೇ ಪೆಟ್ಟಿಗೇನಾ?"

ಚಿಕ್ಕಮ್ಮ ಅವನನ್ನೊಮ್ಮೆ ನೋಡಿದರು.

* * *

ಮೊದಲ ಗುಮಾನಿ ಎದುರಿನ ಸೋಪಿನಂಗಡಿಯವನ ಮೇಲೆ. ಕಲೆಯನ್ನು ಜೀವಿಗಳೇ ತಿಂದರೆ ಸೋಪು ಯಾರಿಗೆ ಬೇಕು?

"ರಾತ್ರಿ ಎಲ್ಲಿದ್ರಿ?" ಚಿಕ್ಕಮ್ಮ ಗದರಿದರು.

"ಮನೇಲಿ, ಮೇಡಂ. ಅಂದ ಹಾಗೆ, ಆ ಕಲೆ ತಿನ್ನೋ ಹುಳ ಯಾವಾಗ ಸಿಗತ್ತೆ? ನನ್ನ ಅಂಗಡೀಲೇ ಮಾರೋಣ ಅಂತಿದ್ದೀನಿ."

ಗುಮಾನಿ ಅಲ್ಲೇ ಠುಸ್ಸಾಯಿತು.

* * *

"ಬೀಗ ಒಡೆದಿಲ್ಲ. ಬಲ್ಬೂ ಒಡೆದಿಲ್ಲ, ಸ್ವಿಚ್ ಆಫ್ ಆಗಿದೆ ಅಷ್ಟೇ. ವೈರಿ ಆಗಿದ್ರೆ ಮೂರನ್ನೂ ಮುಗಿಸ್ತಿದ್ದ." ಚಿಕ್ಕಮ್ಮ ತಿರುಗಿದರು. "ಅಳಿಯಂದ್ರೇ, ಯಾವ ಪೆಟ್ಟಿಗೆ ಅಂತ ಇವಳು ಹೇಳೇ ಇರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಗಂಡ ಫ್ಲಾಸ್ಕನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. "ನಾನೇ ಆರಿಸಿದ್ದು. ಆದ್ರೆ ಇವಳೇ ಹೇಳಿದ್ದು, ಚಿಕ್ಕಮ್ಮ! ನಿನ್ನೆ ಫೋನ್ ಮಾಡಿ, 'ಮೂರನ್ನೂ ನೋಡಾಯ್ತು, ಮೂರನೇದನ್ನ ಆರಿಸಿಬಿಡಿ' ಅಂದ್ಲು."

"ರೀ! ತೋರಿಸೋಕೆ ಅದನ್ನ ಆರಿಸಿ ಅಂದೆ! ಬಲ್ಬ್ ಆರಿಸಿ ಅಂದೆನಾ?"

"ಒಂದು ಮಾತಿಗೆ ಎರಡರ್ಥ, ಕೋಟಿಗಟ್ಟಲೆ ಹೆಣ," ಎಂದರು ಚಿಕ್ಕಮ್ಮ. "ಅದಿರಲಿ. ಫ್ಲಾಸ್ಕಲ್ಲೇನು?"

"ಕಾಫಿ..."

"ಬಂದಾಗಿಂದ ಒಂದು ಗುಟುಕೂ ಕುಡೀಲಿಲ್ಲ. ತೆಗೀರಿ."

ಬಿಸಿನೀರಿನಲ್ಲಿ ಗಂಡನ ಒಂದೇ ಒಂದು ಒಳ್ಳೆಯ ಟೈ ಅರ್ಧ ಮುಳುಗಿ ನೆನೆಯುತ್ತಿತ್ತು.

"ಎಣ್ಣೆ ಚೆಲ್ಲಿಕೊಂಡಿದ್ದೆ. ಹೇಗೂ ಬೇಡವಾದವು ಅಂತ, ಆರಿಸೋಕೆ ಮುಂಚೆ ಎರಡು ಚಮಚ ತೆಗೆದು ಇದಕ್ಕೆ ಹಾಕ್ಕೊಂಡೆ. ಗೊತ್ತಾದ್ರೆ ಬೈತೀಯ ಅಂತ..."

ವಿಜ್ಞಾನಿ ಒಂದು ಹನಿಯನ್ನು ಮೈಕ್ರೋಸ್ಕೋಪಿಗೆ ಹಾಕಿದಳು.

"ಬದುಕಿವೆ! ಓಡಾಡ್ತಿವೆ!"

ಹೊಡೆಯಲು ಎತ್ತಿದ್ದ ಕೈಯಲ್ಲೇ ಗಂಡನ ಕೆನ್ನೆ ಸವರಿದಳು.

* * *

ಹಣ ಹಾಕುವವರು ಟೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನೀರಿನಲ್ಲಿ ಮುಳುಗಿದ್ದ ಅರ್ಧ ಫಳಫಳ ಹೊಳೆಯುತ್ತಿತ್ತು. ಮುಳುಗದ ಅರ್ಧದಲ್ಲಿ ಕಲೆ ಹಾಗೇ ಇತ್ತು. ಇದಕ್ಕಿಂತ ಪುರಾವೆ ಬೇಕೆ? ತಮ್ಮತಮ್ಮಲ್ಲೇ ಗುಸುಗುಸು ಮಾಡಿಕೊಂಡರು. ಅವರಲ್ಲಿ ಹಿರಿಯರು ನಗುತ್ತಾ ಎದ್ದುನಿಂತರು.

"ನಿಮ್ಮ ಕಂಪನೀನೇ ಆರಿಸಿದ್ದೀವಿ."

ಗಂಡ ಹೆಂಡತಿ ಒಟ್ಟಿಗೇ ಚೀರಿದರು. ಚಿಕ್ಕಮ್ಮ ಸ್ವಿಚ್ಚಿನ ಕಡೆ ಓಡಿದರು.